ಅಯೋವಾದ ಮಣ್ಣಿನ ಗುಂಡಿ

ನಾನು ವಿದೇಶಕ್ಕೆ ಹೋದದ್ದು ಒಂದೇ ಸಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಮೇ ತಿಂಗಳು, ಮೂವರು ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಅಮೆರಿಕೆಯ ಅಯೋವಾ ಎಂಬ ರಾಜ್ಯಕ್ಕೆ. ಆಗ ನಾನು ಅಫಜಲಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ತಿರುಗಿ ಬಂದ ಮೇಲೆ ವಿಮಾನದ ಕಥೆ, ಚಳಿಯ ಕಥೆ, ತಾನೇ ಓಡುವ ಮೆಟ್ಟಿಲ ಮೇಲೆ ನಾನು ಬಿದ್ದ ಕಥೆ, ಎಲ್ಲವನ್ನೂ ಹೇಳಿದೆ. ಕೇಳಿದವರು ನಕ್ಕರು, ಇನ್ನೊಮ್ಮೆ ಹೇಳಿಸಿಕೊಂಡರು. ಒಂದು ಬೆಳಗ್ಗೆ ಮತ್ತು ಅದರ ಹಿಂದಿನಿಂದ ಬಂದ ಮಧ್ಯಾಹ್ನದ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಈಗ ನೌಕರಿ ಮುಗಿದಿದೆ. ಹೇಳಿದರೆ ಹೋಗುವ ಮಾನವೂ ಹೆಚ್ಚೇನೂ ಉಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಈ ಪ್ರಯಾಣಕ್ಕೆ ಕಾರಣ ಮಾರ್ಗವ್ವ. ಅಂದರೆ ಮಾರ್ಗರೆಟ್ ಎಂಬ ಅಮೆರಿಕದ ಹೆಂಗಸು. ಎಪ್ಪತ್ತರ ದಶಕದ ಬರಗಾಲದಲ್ಲಿ ಜೇವರ್ಗಿ ಕಡೆಯ ಹಳ್ಳಿಗಳಿಗೆ ಸ್ವಯಂಸೇವಕಿಯಾಗಿ ಬಂದು, ಒಡ್ಡು ಹಾಕಿಸುತ್ತ, ಬಾವಿ ತೋಡಿಸುತ್ತ ಎರಡು ವರ್ಷ ಇದ್ದಳು. ಮಣ್ಣು ಹೊರುವ ಹೆಂಗಸರ ನಡುವೆಯೇ ಕನ್ನಡ ಕಲಿತಳು. ಅವರು ತಮ್ಮ ಬಾಯಿಗೆ ಒಗ್ಗುವಂತೆ ಆಕೆಯನ್ನು ಮಾರ್ಗವ್ವ ಎಂದರು. ಊರಿಗೆ ಮರಳಿ ಹೈಸ್ಕೂಲು ಶಿಕ್ಷಕಿಯಾದ ಮೇಲೂ ಆ ಹೆಸರನ್ನು ಆಕೆ ಬಿಡಲಿಲ್ಲ. ನಮಗೆ ಬರೆದ ಪತ್ರದ ಕೆಳಗೆ ಸೊಟ್ಟ ಕನ್ನಡ ಅಕ್ಷರಗಳಲ್ಲಿ ‘ಮಾರ್ಗವ್ವ’ ಎಂದೇ ಇತ್ತು.

ಆಕೆಯ ಸೀಮೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಒಂದು ಸ್ಪರ್ಧೆ ನಡೆಯುತ್ತದಂತೆ. ಒಬ್ಬೊಬ್ಬರಾಗಿ ಅಲ್ಲ, ತಂಡವಾಗಿ. ಕೋಣೆಯಲ್ಲಿ ಅಲ್ಲ, ಹೊಲದಲ್ಲಿ, ಕಾಡಿನಲ್ಲಿ, ಹಳ್ಳದ ದಂಡೆಯಲ್ಲಿ. ಮಣ್ಣು, ನೀರು, ಮರ, ಕಾಡುಪ್ರಾಣಿ, ಹೀಗೆ ಒಂದೊಂದು ಠಿಕಾಣಿಯಲ್ಲಿ ಒಂದೊಂದು ಪರೀಕ್ಷೆ. ತಂಡದವರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಂದೇ ಉತ್ತರ ಬರೆಯಬೇಕು. ತಾನು ಮಣ್ಣು ಹೊತ್ತ ನಾಡಿನ ಮಕ್ಕಳು ಒಂದು ವರ್ಷವಾದರೂ ಅತಿಥಿ ತಂಡವಾಗಿ ಅದರಲ್ಲಿ ಕೂಡಬೇಕು, ಚೆನ್ನಾಗಿ ನಡೆದರೆ ವರ್ಷವರ್ಷವೂ ಕರೆಸಬೇಕು ಎಂಬುದು ಮಾರ್ಗವ್ವನ ಆಸೆ. ಆಳಂದ, ಅಫಜಲಪುರ, ಜೇವರ್ಗಿ, ಮೂರು ತಾಲ್ಲೂಕುಗಳಿಂದ ಒಬ್ಬೊಬ್ಬರನ್ನು ನಾವು ಮಾಸ್ತರರು ಆರಿಸಿದೆವು. ಮಣ್ಣೂರಿನ ರಾಜಶೇಖರ: ಭೀಮೆಯ ದಂಡೆಯಲ್ಲಿ ಹೊಲವಿದ್ದ ಮನೆಯ ಹುಡುಗ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಜೇವರ್ಗಿಯ ನಸೀಮಾ: ದರ್ಜಿಯ ಮಗಳು, ಹಕ್ಕಿಗಳ ಹುಚ್ಚು. ನಿಂಬರ್ಗಾದ ಶರಣಮ್ಮ: ಅಪ್ಪ ಅವ್ವ ಇಬ್ಬರೂ ಬೇರೆಯವರ ತೊಗರಿ ಹೊಲದಲ್ಲಿ ಕೂಲಿ, ರಜೆಯಲ್ಲಿ ಇವಳೂ ಕೂಲಿ. ಜೊತೆಗೆ ಹೋಗುವ ಮಾಸ್ತರನಾಗಿ ನಾನು.

ಗುಲಬರ್ಗಾ ನಿಲ್ದಾಣದಲ್ಲಿ ಶರಣಮ್ಮನ ತಾಯಿ ನನ್ನ ಕಡೆ ಬಂದು, “ಸರ್, ನಮ್ಮ ಹುಡುಗಿ ಮಾತು ಭಾಳ ಕಮ್ಮಿ. ಅಷ್ಟು ದೂರ ದೇಶಕ್ಕ ನಿಮ್ಮ ಮ್ಯಾಲ ಹಾಕಿ ಕಳಸಾಕತ್ತೇವಿ” ಎಂದಳು. ನಾನು, “ಫಿಕರ್ ಮಾಡಬ್ಯಾಡ್ರಿ, ನಾ ಇದ್ದೀನಲ್ಲ” ಎಂದೆ.

ಷಿಕಾಗೋದ ತಪಾಸಣೆ ಮೇಜು

ವಿಮಾನದಲ್ಲಿ ನಾವು ಸಸ್ಯಾಹಾರ ಕೇಳಿದ್ದಕ್ಕೆ ತಟ್ಟೆ ತುಂಬ ಹಸಿ ಎಲೆ ಕೊಟ್ಟರು. “ಸರ್, ಇದು ಎಮ್ಮಿಗೆ ಹಾಕೋದಲ್ರಿ?” ಎಂದು ರಾಜಶೇಖರ ಕೇಳಿದ. ನಸೀಮಾ ನಕ್ಕು ನಕ್ಕು ನೀರು ಚೆಲ್ಲಿಕೊಂಡಳು. ಒಳ್ಳೆಯ ಹುಡುಗರು. ಹಾದಿಯುದ್ದಕ್ಕೂ ನನಗೆ ಒಂದೂ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟವನು ನಾನೇ. ಲಂಡನ್ನಿನಲ್ಲಿ ಓಡುವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಇನ್ನೊಂದನ್ನು ಇಡಲು ಯೋಚಿಸುತ್ತ ನಿಂತೆ. ಹಿಂದಿದ್ದ ಮುದುಕಿಯೊಬ್ಬಳ ಮೇಲೆಯೇ ಬಿದ್ದೆ. ತಪ್ಪು ನನ್ನದು, ಆದರೂ ‘ಕ್ಷಮಿಸಿ’ ಎಂದವಳು ಆಕೆ.

ಷಿಕಾಗೋದಲ್ಲಿ ಇಳಿದಾಗ ತಪಾಸಣೆಯವನು ನಮ್ಮ ಚೀಲಗಳನ್ನು ಬಿಚ್ಚಿಸಿದ. ಜೋಳದ ಹಿಟ್ಟನ್ನು ಮೂಸಿ ನೋಡಿದ. ಶೇಂಗಾ ಹಿಂಡಿಯನ್ನೂ ಮೂಸಿ ಮೂರು ಸಲ ಸೀನಿದ. ಅವೆರಡನ್ನೂ ಬಿಟ್ಟ. ಆಮೇಲೆ ಶರಣಮ್ಮನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದವನೇ ಹಿಂದೆ ಸರಿದು ಕೈಗವಸು ಹಾಕಿಕೊಂಡ. ಒಳಗೆ ನಿಂಬರ್ಗಾದ ಎರೆ ಮಣ್ಣಿನ, ಅಂದರೆ ಕಪ್ಪು ಜೇಡಿಮಣ್ಣಿನ, ಒಂದು ಹೆಂಟೆ. ಅಲ್ಲಿನ ಮಣ್ಣಿನ ಪಕ್ಕ ಇಟ್ಟು ನೋಡಬೇಕು ಎಂದು ಯಾರಿಗೂ ಹೇಳದೆ ತಂದಿದ್ದಳು. ಹೊರದೇಶದ ಮಣ್ಣನ್ನು ಒಳಗೆ ಬಿಡುವಂತಿಲ್ಲವಂತೆ. ಅವನು ಅದನ್ನು ಒಂದು ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ.

“ಸರ್, ಅವ್ರು ಮಣ್ಣಿಗ್ಯಾಕ ಹೆದರ್ತಾರ್ರಿ?” ಎಂದಳು ಶರಣಮ್ಮ.

“ಮಣ್ಣಾಗ ರೋಗದ ಹುಳ ಇರ್ತಾವ” ಎಂದು ನಾನು ಪಾಠ ಮಾಡಿದೆ.

“ನಾವೂ ಅದ್ರಾಗ ಇರ್ತೀವಲ್ರಿ” ಎಂದಳು. ಅಷ್ಟು ಹೇಳಿ ಖಾಲಿ ಡಬ್ಬಿಯನ್ನು ಓಢಣಿಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಮಾರ್ಗವ್ವನ ಮನೆ

ಹೊರಗೆ ಮಾರ್ಗವ್ವ ನಿಂತಿದ್ದಳು. ಎತ್ತರದ, ಬಿಳಿ ಕೂದಲಿನ, ಗಂಡಸರ ಬೂಟು ಹಾಕಿದ ಹೆಂಗಸು. ನಮ್ಮನ್ನು ಕಂಡವಳೇ, “ಬರ್ರಿ ಬರ್ರಿ! ಭಾಳ ದಣದೀರಿ. ಏ ಹುಡಿಗ್ಯಾರ, ಥಂಡಿ ಅದ, ಜಲ್ದಿ ಗಾಡ್ಯಾಗ ಕುಂದರ್ರಿ” ಎಂದಳು. ಮಕ್ಕಳು ಬಾಯಿ ತೆರೆದು ನಿಂತವು. ಅದು ಜೇವರ್ಗಿಯ ಹಳೆಯ ಹೆಂಗಸರ ಕನ್ನಡ. ದಾರಿಯಲ್ಲಿ ದೊಡ್ಡ ಲಾರಿಯೊಂದು ಅಡ್ಡ ಬಂದಾಗ “ಅಯ್ಯ ನನ ಯವ್ವಾ” ಎಂದು ಎದೆ ಹಿಡಿದುಕೊಂಡಳು. ನಸೀಮಾ ಅಂದಿನಿಂದ ಆಕೆಯ ಮಗ್ಗುಲು ಬಿಡಲಿಲ್ಲ.

ಐದು ತಾಸಿನ ದಾರಿ. ಎರಡೂ ಕಡೆ ಹೊಲ, ಹೊಲ, ಬರೀ ಹೊಲ. ಮಣ್ಣು ನಮ್ಮ ಎರೆಯಷ್ಟೇ ಕಪ್ಪು, ಅದರ ಮೇಲೆ ಬೆರಳುದ್ದದ ಮೆಕ್ಕೆಜೋಳದ ಸಾಲು. ಆದರೆ ಊರೇ ಕಾಣಲಿಲ್ಲ. ಅಲ್ಲೊಂದು ಇಲ್ಲೊಂದು ಹೊಲದ ನಡುವೆ ಒಂಟಿ ಮನೆ. ನಮ್ಮಲ್ಲಿ ಹಾದಿಯಲ್ಲಿ ಸಿಕ್ಕವರು ‘ಎಲ್ಲಿಗೆ ಹೊಂಟೀರಿ’ ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ಎದುರು ಬಂದ ಗಾಡಿಯವರೆಲ್ಲ ಸ್ಟೀರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ, ಅಷ್ಟೇ. ಗುರುತಿದ್ದರೂ ಒಂದು ಬೆರಳು, ಇಲ್ಲದಿದ್ದರೂ ಒಂದು ಬೆರಳು.

ಬಹಳ ಹೊತ್ತು ಕಿಟಕಿಯಿಂದ ನೋಡುತ್ತಿದ್ದ ಶರಣಮ್ಮ, “ಅಮ್ಮಾರ, ಈ ಹೊಲದಾಗ ಕೆಲಸ ಮಾಡೋರು ಎಲ್ಲಿ ಇರ್ತಾರ್ರಿ?” ಎಂದು ಕೇಳಿದಳು.

“ಮಾಲಕನ ಮಾಡ್ತಾನ ನೋಡವ್ವ. ಅವನೂ ಅವನ ಹೇಣ್ತಿನೂ.”

ಶರಣಮ್ಮ ನಂಬಲಿಲ್ಲ. ಮರುದಿನ ಪಕ್ಕದ ಹೊಲದ ಮಾಲಕ ಟ್ರ್ಯಾಕ್ಟರ್ ನಿಲ್ಲಿಸಿ ನಮ್ಮನ್ನು ಮಾತಾಡಿಸಲು ಬಂದ. ಕೈ ಕುಲುಕಿದ. ಅವನ ಅಂಗೈ ತುಂಬ ಎಣ್ಣೆ ಮತ್ತು ಕರಿಮಣ್ಣು. ಅವನು ಆಚೆ ತಿರುಗಿದ ಕೂಡಲೇ ನಾನು ಕರವಸ್ತ್ರ ತೆಗೆದು ಕೈ ಒರೆಸಿಕೊಂಡೆ. ನಮ್ಮದೂ ಹವಳಗಾದ ಕಡೆ ಹೊಲವಿದ್ದ ಮನೆತನ. ದುಡಿಮೆ ದೊಡ್ಡದು ಎಂಬ ಮಾತನ್ನು ಅಪ್ಪನ ಬಾಯಲ್ಲಿ, ಮಠದಲ್ಲಿ, ಶಾಲೆಯಲ್ಲಿ ಕೇಳುತ್ತಲೇ ಬೆಳೆದವನು ನಾನು. ಆದರೆ ಆ ಹೊಲದ ಮಣ್ಣನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಹಿಡಿಯುವವರು ಬೇರೆ ಇದ್ದರು. ನಾನು ಮಣ್ಣಿನ ಪಾಠವನ್ನು ಪುಸ್ತಕದಿಂದ ಓದಿ, ಬೋರ್ಡಿನ ಮೇಲೆ ಬರೆದು, ಇಪ್ಪತ್ತು ವರ್ಷ ಕಲಿಸಿದವನು. ಕಪ್ಪು ಮಣ್ಣು ಎಂದರೆ ಜೇಡಿ, ಕೆಂಪು ಮಣ್ಣು ಎಂದರೆ ಮರಳು ಬೆರೆತದ್ದು. ಈ ಎರಡು ಸಾಲನ್ನು ಎಷ್ಟು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೋ.

ಅಂದು ಸಂಜೆ ಶರಣಮ್ಮ ಕರೆಂಟಿನ ಒಲೆಯ ಮೇಲೆ ರೊಟ್ಟಿ ಬಡಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಮಾರ್ಗವ್ವ ಪಕ್ಕದ ಕೋಣೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು. “ಹದಿನೆಂಟು ವರ್ಷ ಆತು ಈ ಸಪ್ಪಳ ಕೇಳಿ” ಎಂದು ಕಣ್ಣೊರೆಸಿಕೊಂಡು, ಬಿಸಿ ರೊಟ್ಟಿಯನ್ನು ನಿಂತುಕೊಂಡೇ ತಿಂದಳು.

ಕಾಡಿನ ಶಿಬಿರ

ಸ್ಪರ್ಧೆ ನಡೆದದ್ದು ಒಂದು ಕಾಡಿನ ಅಂಚಿನಲ್ಲಿ. ಮರದ ಗುಡಿಸಲುಗಳು, ದೊಡ್ಡ ಊಟದ ಮನೆ, ಕೆಳಗೆ ಕೆರೆ. ನಮ್ಮಲ್ಲಿ ಬೆಂಕಿ ಸುರಿಯುವ ಮೇ ತಿಂಗಳಲ್ಲಿ ಅಲ್ಲಿ ತಣ್ಣನೆ ಜಿಟಿಜಿಟಿ ಮಳೆ. ಸುತ್ತಲಿನ ಊರುಗಳಿಂದ ಬಂದ ತಂಡಗಳ ಮಕ್ಕಳು ಮೊಣಕಾಲುದ್ದದ ಬೂಟು ಹಾಕಿಕೊಂಡು ಕೆಸರಲ್ಲಿ ಕುಣಿಯುತ್ತಿದ್ದರು. ನಾನು ಊರಿಂದ ತಂದ ಕರಿ ಕೋಟಿನಲ್ಲಿದ್ದೆ. ಯಾರೋ ನನ್ನನ್ನು ಪಾದ್ರಿ ಎಂದುಕೊಂಡು ಊಟಕ್ಕೆ ಮೊದಲು ಪ್ರಾರ್ಥನೆ ಹೇಳಿರಿ ಎಂದರು.

ನಮ್ಮ ಕಡೆಯ ಸ್ಪರ್ಧೆ ನನಗೆ ಗೊತ್ತಿತ್ತು. ವೇದಿಕೆ, ಕುರ್ಚಿ, ಗಂಟೆ. ಮೊದಲು ಕೈ ಎತ್ತಿದವನು ಜಾಣ. ಇಲ್ಲಿ ಮಕ್ಕಳ ಕೈಗೆ ಒಂದು ಎಲೆ, ಒಂದು ತಲೆಬುರುಡೆ, ಒಂದು ಬಾಟಲಿ ಹಳ್ಳದ ನೀರು ಕೊಟ್ಟು ಸುಮ್ಮನೆ ಬಿಟ್ಟರು. ಮುಟ್ಟಿ ನೋಡಿ, ಮೂಸಿ ನೋಡಿ, ಮಾತಾಡಿಕೊಳ್ಳಿ, ಆಮೇಲೆ ಬರೆಯಿರಿ. ನಮ್ಮ ತಂಡ ಕನ್ನಡದಲ್ಲೇ ಮಾತಾಡಿಕೊಳ್ಳಬಹುದು, ರಾಜಶೇಖರ ಇಂಗ್ಲಿಷಿನಲ್ಲಿ ಬರೆಯಬಹುದು ಎಂದು ಒಪ್ಪಿಗೆಯಾಗಿತ್ತು. ಕಟ್ಟುನಿಟ್ಟಾದ ನಿಯಮ ಒಂದೇ. ಪ್ರತಿ ಠಿಕಾಣಿಯ ಸುತ್ತ ಒಂದು ಹಗ್ಗ. ಮಾಸ್ತರರು ಹಗ್ಗದ ಆಚೆ ನಿಲ್ಲಬೇಕು. ಮಾತು, ಸನ್ನೆ, ಏನೂ ಕೂಡದು.

ಮೊದಲ ದಿನ ಕಾಡುಪ್ರಾಣಿಯ ಠಿಕಾಣಿಯಲ್ಲಿ ನಸೀಮಾ ಎಲ್ಲರನ್ನೂ ಬೆರಗುಗೊಳಿಸಿದಳು. ಎರಡು ದಿನ ಮಾರ್ಗವ್ವನ ಪುಸ್ತಕ ಮತ್ತು ಅಂಗಳದ ಮರಗಳನ್ನು ಬಿಟ್ಟು ಬೇರೇನೂ ನೋಡದವಳು, ಹಾಡು ಕೇಳಿಯೇ ಆರು ಹಕ್ಕಿಗಳ ಹೆಸರು ಹೇಳಿದಳು. ಹಗ್ಗ ಕಾಯುತ್ತಿದ್ದ ಹೆಂಗಸು ಚಪ್ಪಾಳೆ ತಟ್ಟಿ, ಆಮೇಲೆ ತಾನು ತಟ್ಟಬಾರದಿತ್ತೆಂದು ಬಾಯಿ ಮುಚ್ಚಿಕೊಂಡಳು. ನನ್ನ ಎದೆ ಉಬ್ಬಿತು. ನಾವು ಗೆಲ್ಲಬಹುದು ಎಂದು ಆ ಹೊತ್ತಿಗೆ ಮೊದಲ ಸಲ ಅನ್ನಿಸಿತು. ಊರಿನಲ್ಲಿ ಹಾರ ತುರಾಯಿ, ಪತ್ರಿಕೆಯಲ್ಲಿ ನನ್ನ ಫೋಟೋ ಕಣ್ಣಿಗೆ ಕಟ್ಟಿತು.

ಗುಂಡಿ

ಎರಡನೆಯ ದಿನ ಬೆಳಗ್ಗೆ ಮಣ್ಣಿನ ಠಿಕಾಣಿ. ಹುಲ್ಲುಗಾವಲಿನಲ್ಲಿ ಎದೆಮಟ್ಟದ ಒಂದು ಗುಂಡಿ ತೋಡಿದ್ದರು. ಮೇಲಿನಿಂದ ಕೆಳಗೆ ಮಣ್ಣಿನ ಪದರಗಳು ಕತ್ತರಿಸಿಟ್ಟ ಹಾಗೆ ಕಾಣುತ್ತಿದ್ದವು. ಮೇಲಿನ ಎರಡು ಮೊಳ ಕಡುಗಪ್ಪು. ಗುಂಡಿಯ ಅಂಚಿನಲ್ಲಿ ತೀರ್ಪುಗಾರ ಹ್ಯಾರಲ್ಡ್ ಕುಳಿತಿದ್ದ. ನಲವತ್ತು ವರ್ಷ ಹೊಲ ಹೊಲ ತಿರುಗಿ ಮಣ್ಣಿನ ನಕಾಶೆ ಮಾಡಿದ ಮುದುಕ ಎಂದು ಮಾರ್ಗವ್ವ ಹೇಳಿದ್ದಳು. ಉಗುರುಗಳ ಸಂದಿಯ ಮಣ್ಣು ಇನ್ನು ತೊಳೆದರೂ ಹೋಗುವಂತಿರಲಿಲ್ಲ. ಮೊಣಕಾಲ ಮೇಲೆ ಒಂದು ಸಣ್ಣ ನೋಟ್‌ಬುಕ್.

ಮೊದಲ ಪ್ರಶ್ನೆ: ಮೇಲಿನ ಪದರದ ಮಣ್ಣು ಯಾವ ಜಾತಿಯದು? ಉಳಿದ ಪ್ರಶ್ನೆಗಳೆಲ್ಲ ಇದರ ಮೇಲೆ ನಿಂತಿದ್ದವು. ಇದು ನೀರು ಎಷ್ಟು ಹಿಡಿಯುತ್ತದೆ, ಮಳೆಗೆ ಕೊಚ್ಚಿ ಹೋಗುತ್ತದೆಯೇ, ಏನು ಬೆಳೆಯಬಹುದು. ಇದು ತಪ್ಪಿದರೆ ಎಲ್ಲವೂ ತಪ್ಪು.

ಮೂವರೂ ಗುಂಡಿಗೆ ಇಳಿದರು. ನಾನು ಹಗ್ಗದ ಆಚೆ, ಹತ್ತು ಹೆಜ್ಜೆ ದೂರ. ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಕರ್ರಗ ಅದ. ಜೇಡಿ ಅಂತ ಬರೀತೇನಿ” ಎಂದ ರಾಜಶೇಖರ.

“ತಡಿ ತಡಿ” ಎಂದಳು ಶರಣಮ್ಮ. ಒಂದು ಹಿಡಿ ಮಣ್ಣು ಕಿತ್ತು, ಹುಲ್ಲಿನ ಮೇಲಿನ ನೀರಿನಲ್ಲಿ ಒದ್ದೆ ಮಾಡಿ, ಅಂಗೈಯಲ್ಲಿ ನಾದಿದಳು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಒತ್ತಿ ಪಟ್ಟಿಯಂತೆ ಮಾಡಲು ನೋಡಿದಳು. ಪಟ್ಟಿ ಒಂದಿಷ್ಟು ಬಂದು ಮುರಿದು ಬಿತ್ತು. ಇನ್ನೊಮ್ಮೆ ಒತ್ತಿದಳು. ಮತ್ತೆ ಮುರಿಯಿತು.

“ಎರಿ ಅಲ್ಲಪಾ ಇದು. ಎರಿ ಆಗಿದ್ರ ಬಳ್ಳಿಯಂಗ ಉದ್ದ ಬರ್ತಿತ್ತು, ಕೈಗಿ ಅಂಟತಿತ್ತು. ಇದು ನುಣ್ಣಗ ಅದ, ಹಿಟ್ಟಿನಂಗ. ಜ್ವಾಳದ ಹಿಟ್ಟು ನಾದಿದ್ರ ಹೆಂಗ ಬಿರಕು ಬಿಡ್ತದ, ಹಂಗ ನೋಡು.”

“ಕರಿ ಮಣ್ಣು ಜೇಡಿ ಅಂತ ಸರ್ ಹೇಳ್ಯಾರ.”

“ಬಣ್ಣ ನೋಡಬ್ಯಾಡೋ. ಹಿಚಕಿ ನೋಡು.”

ಹಾಗೆಂದು ಶರಣಮ್ಮ ತಲೆ ಎತ್ತಿ ನನ್ನ ಕಡೆ ನೋಡಿದಳು. ಕೈಯಲ್ಲಿ ಆ ಮುರಿದ ಮಣ್ಣಿನ ಪಟ್ಟಿ ಇತ್ತು. ರಾಜಶೇಖರನೂ ನೋಡಿದ.

ನಾನು ತಲೆ ಅಲ್ಲಾಡಿಸಿದೆ. ಎಡಕ್ಕೆ ಬಲಕ್ಕೆ, ಎರಡು ಸಲ. ಅಲ್ಲ, ಅಲ್ಲ.

ಯೋಚಿಸಿ ಮಾಡಿದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ತರಗತಿಯಲ್ಲಿ ತಪ್ಪು ಉತ್ತರ ಕೇಳಿದಾಗ ಆಡುವ ಕುತ್ತಿಗೆ ತಾನಾಗಿ ಆಡಿತು. ಅವಳು ಹೇಳಿದ್ದು ತಪ್ಪಿರಬಹುದೆಂದಲ್ಲ, ತಪ್ಪೇ ಎಂದು ನನಗೆ ಖಾತ್ರಿ ಇತ್ತು. ರಾಜಶೇಖರ ಬಗ್ಗಿ ಬರೆದ. ಶರಣಮ್ಮ ಒಂದು ಗಳಿಗೆ ನನ್ನನ್ನೇ ನೋಡುತ್ತ ನಿಂತು, ಕೈಯಲ್ಲಿದ್ದುದನ್ನು ಮೆಲ್ಲಗೆ ಗುಂಡಿಯ ಗೋಡೆಗೆ ಒರೆಸಿದಳು. ಉಳಿದ ಪ್ರಶ್ನೆಗಳಿಗೆ ಮಣ್ಣನ್ನು ಮುಟ್ಟಲೇ ಇಲ್ಲ. ಅವಳ ಕೈಯನ್ನು ನೋಡುತ್ತಿದ್ದ ಹ್ಯಾರಲ್ಡ್ ನೋಟ್‌ಬುಕ್ಕಿನಲ್ಲಿ ಏನನ್ನೋ ಗೀಚಿಕೊಂಡ.

ಎಲ್ಲ ತಂಡಗಳೂ ಮುಗಿಸಿದ ಮೇಲೆ ಹ್ಯಾರಲ್ಡ್ ಎಲ್ಲರನ್ನೂ ಗುಂಡಿಯ ಸುತ್ತ ನಿಲ್ಲಿಸಿ ಉತ್ತರ ವಿವರಿಸಿದ. ಹಿಂದೆ ಗಾಳಿ ಹೊತ್ತು ತಂದು ಸುರಿದ ನುಣ್ಣನೆ ಧೂಳಿನ ಮಣ್ಣಂತೆ ಅದು. ಜೇಡಿಯಲ್ಲ, ಮರಳಲ್ಲ, ನಡುವಿನ ರೇವೆ ಮಣ್ಣು. ಹುಲ್ಲು ಕೊಳೆತು ಕೊಳೆತು ಕಪ್ಪಾದದ್ದು. ಬಣ್ಣ ನೋಡಿ ಮೋಸ ಹೋಗಬೇಡಿ ಎಂದ. ಎಲ್ಲರ ಕೈಗೂ ಒಂದೊಂದು ಉಂಡೆ ಕೊಟ್ಟ. ನನ್ನ ಕೈಗೂ ಕೊಟ್ಟ. ಹಿಚುಕಿದೆ. ನಾದಿದ ಜೋಳದ ಹಿಟ್ಟಿನ ಹಾಗೆಯೇ ಇತ್ತು.

ಊಟದ ಮನೆ

ರಾಜಶೇಖರ ನನ್ನ ಬಳಿ ಬಂದು, “ಸರ್, ನೀವ ತಲಿ ಅಲ್ಲಾಡಿಸಿದ್ರಿ...” ಎಂದ. ನಾನು ಅವನನ್ನು ಹೇಗೆ ನೋಡಿದೆನೆಂದರೆ, ಅವನು ಮಾತು ಮುಗಿಸಲಿಲ್ಲ.

ಊಟವಾದ ಮೇಲೆ ಮಾರ್ಗವ್ವ ನನ್ನನ್ನು ಬದಿಗೆ ಕರೆದಳು. ಗುಂಡಿಯ ಬಳಿ ಹಗ್ಗ ಕಾಯುತ್ತಿದ್ದ ಹೆಂಗಸು ನಾನು ಸನ್ನೆ ಮಾಡಿದ್ದನ್ನು ನೋಡಿ ಸಂಚಾಲಕರಿಗೆ ಹೇಳಿದ್ದಳು. “ಮಾಸ್ತರ್ರ, ನಿಮ್ಮನ್ನ ಕೇಳ್ತಾರ. ಖರೇ ಹೇಳ್ರಿ. ಮಕ್ಕಳಿಗಿ ಏನೂ ಆಗಂಗಿಲ್ಲ. ಆ ಉತ್ತರ ಬಿಟ್ಟು, ಬ್ಯಾರೆ ಗುಂಡ್ಯಾಗ ಅವ್ರನ್ನ ಮತ್ತೊಮ್ಮೆ ಕೇಳ್ತಾರ. ನಿಮಗಷ್ಟ ಒಂದು ಮಾತು ಅಂತಾರ.”

ಒಂದು ಮಾತು. ಹತ್ತಾರು ಪರದೇಶದ ಮಾಸ್ತರರ ಮುಂದೆ, ನನ್ನ ಮಕ್ಕಳ ಮುಂದೆ, ಒಂದು ಮಾತು.

ಉದ್ದನೆಯ ಮೇಜಿನ ಆಚೆ ಮೂವರು ಕುಳಿತಿದ್ದರು. ಹ್ಯಾರಲ್ಡ್ ಒಬ್ಬ. ಬಹಳ ಮರ್ಯಾದೆಯಿಂದ, ನೀವು ಮಕ್ಕಳಿಗೆ ಏನಾದರೂ ಸೂಚನೆ ಕೊಟ್ಟಿರಾ ಎಂದು ಕೇಳಿದರು. ನಾನು ನಕ್ಕೆ. ಇಂಗ್ಲಿಷಿನಲ್ಲೇ ಹೇಳಿದೆ: “ನಮ್ಮ ದೇಶದಲ್ಲಿ ಮಾತು ಕೇಳುವಾಗ ತಲೆ ಅಲ್ಲಾಡಿಸುವುದು ಒಂದು ಅಭ್ಯಾಸ. ಅದಕ್ಕೆ ಅರ್ಥವೇನೂ ಇಲ್ಲ.” ಹೇಳಿ, ನಾವು ‘ಹೂಂ, ಹೂಂ’ ಎನ್ನುವಾಗ ತೂಗುವ ಹಾಗೆ ತಲೆಯನ್ನು ಮೆಲ್ಲಗೆ ತೂಗಿ ತೋರಿಸಿದೆ.

ಅವರು ನಕ್ಕರು. ಹೌದು, ಅದನ್ನು ಕೇಳಿದ್ದೇವೆ ಎಂದರು. ದೂರು ಕೊಟ್ಟ ಹೆಂಗಸು ಕೆಂಪಾಗಿ, ಪರದೇಶದವರ ಪದ್ಧತಿ ತಿಳಿಯದೆ ಹೇಳಿದೆ ಎಂದು ನನ್ನ ಕ್ಷಮೆ ಕೇಳಿದಳು. ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ನಗದೆ ಇದ್ದವಳು ಮಾರ್ಗವ್ವ ಒಬ್ಬಳೇ. ಎರಡು ವರ್ಷ ಜೇವರ್ಗಿಯ ಹೆಂಗಸರ ಜೊತೆ ಮಣ್ಣು ಹೊತ್ತವಳಿಗೆ ಯಾವ ತಲೆ ಅಲ್ಲಾಡಿಕೆ ‘ಹೌದು’, ಯಾವುದು ‘ಅಲ್ಲ’ ಎಂದು ಗೊತ್ತಿರಲಿಲ್ಲವೇ?

ನಿಯಮದಂತೆ ಮಕ್ಕಳನ್ನೂ ಒಂದು ಮಾತು ಕೇಳಬೇಕಿತ್ತು. ಶರಣಮ್ಮ ನನ್ನ ಕಡೆ ನೋಡಿದ್ದನ್ನು ಆ ಹೆಂಗಸು ಹೇಳಿದ್ದರಿಂದ ಅವಳನ್ನೇ ಕರೆದರು. ಮಾರ್ಗವ್ವ ಕನ್ನಡದಲ್ಲಿ ಕೇಳಿದಳು:

“ಶರಣವ್ವ, ಸರ್ ನಿಮಗೇನರ ಹೇಳಿಕೊಟ್ರೇನು?”

ಶರಣಮ್ಮ ನನ್ನನ್ನು ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತ, “ಇಲ್ರಿ” ಎಂದಳು.

“ಮತ್ತ ಜೇಡಿ ಅಂತ ಯಾರು ಹೇಳಿದ್ರು?”

“ನಾನ ಹೇಳಿದೆರಿ. ನನಗ ತಿಳೀಲಿಲ್ಲ.”

ಮಾರ್ಗವ್ವ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಇದ್ದದ್ದು ಇದ್ದಂತೆ ಹೇಳಿದಳು. ಹ್ಯಾರಲ್ಡ್ ಶರಣಮ್ಮನಿಗೆ ಏನೋ ಸಮಾಧಾನ ಹೇಳಿ, ನೋಟ್‌ಬುಕ್ ತೆರೆದು ಒಂದು ಗೆರೆ ಎಳೆದು, ಮುಚ್ಚಿ ಜೇಬಿಗೆ ಹಾಕಿಕೊಂಡ. ನಾನು ಆಗಲೂ ಬಾಯಿ ಬಿಡಲಿಲ್ಲ.

ಕೆರೆಯ ದಂಡೆ

ಸಂಜೆ ಮಳೆ ನಿಂತಿತು. ನಸೀಮಾ ಮತ್ತು ರಾಜಶೇಖರ ಕೆರೆಯಲ್ಲಿ ಬಾತುಗಳನ್ನು ಎಣಿಸುತ್ತಿದ್ದರು. ಶರಣಮ್ಮ ಒಬ್ಬಳೇ ದೂರ ಒಂದು ದಿಮ್ಮಿಯ ಮೇಲೆ ಕುಳಿತಿದ್ದಳು. ಮಾರ್ಗವ್ವ ನನ್ನ ಪಕ್ಕ ಬಂದು ನಿಂತಳು.

“ಹ್ಯಾರಲ್ಡ್ ಆಕಿ ಹೆಸರು ಬರಕೊಂಡಿದ್ದ, ಮಾಸ್ತರ್ರ.”

ನನಗೆ ತಿಳಿಯಲಿಲ್ಲ.

“ಪ್ರತಿ ವರ್ಷ ಅವ ಒಂದು ಹುಡುಗ, ಇಲ್ಲಂದ್ರ ಒಂದು ಹುಡಿಗಿನ್ನ ಆರಸ್ತಾನ. ಬ್ಯಾಸಗಿ ಪೂರಾ ತನ್ನ ಜೋಡಿ ಹೊಲ ಹೊಲ ತಿರಗಿಸಿ ಮಣ್ಣು ಕಲಸ್ತಾನ. ಆಮ್ಯಾಲ ಅವ್ರು ಬ್ಯಾಡಂದ್ರೂ ಬಿಡಂಗಿಲ್ಲ, ಕೃಷಿ ಕಾಲೇಜಿಗಿ ಸೇರಿಸೇ ಬಿಡ್ತಾನ. ಗುಂಡ್ಯಾಗ ಶರಣವ್ವನ ಕೈ ನೋಡಿ ನನ್ನ ಕಡಿ ಓಡಿ ಬಂದಿದ್ದ, ‘ಆ ಹುಡಿಗಿ ಯಾರು’ ಅಂತ. ಈಗ ಅಂತಾನ, ನನ್ನ ಕಣ್ಣು ಮೋಸ ಮಾಡ್ತು, ಆಕಿ ಅದನ್ನ ಜೇಡಿ ಅಂದ್ಲಂತ.”

ನಾನು ನೀರನ್ನು ನೋಡುತ್ತಿದ್ದೆ.

“ನಾ ಗುಂಡಿ ಹಂತೇಲಿ ಇರಲಿಲ್ಲ. ಅಲ್ಲಿ ಕನ್ನಡ ತಿಳಿಯೋರು ನೀವೊಬ್ರೇ ಇದ್ರಿ” ಎಂದಳು. ಆಮೇಲೆ ದನಿ ತಗ್ಗಿಸಿ, “ಇನ್ನಾ ಹೊತ್ತದ. ನಾಳಿ ಮುಂಜಾನಿತನಕ ಅದ. ಏನರ ಹೇಳೋದಿದ್ರ ಹೇಳ್ರಿ. ನಾ ನಿಮ್ಮ ಜೋಡಿ ಬರ್ತೇನಿ” ಎಂದಳು.

ಇದಕ್ಕಿಂತ ಮೆತ್ತಗೆ ಯಾರೂ ನನಗೆ ಬಾಗಿಲು ತೆರೆದು ಹಿಡಿದಿಲ್ಲ. ಹೇಳಬೇಕಾದದ್ದು ನಾಲ್ಕು ಶಬ್ದ. ಆದರೆ ಮಧ್ಯಾಹ್ನ ಒಂದು ಸಣ್ಣ ಮಾತಿಗೆ ಹೆದರಿದವನು ಈಗ ಸುಳ್ಳನ್ನೂ ಸೇರಿಸಿ ಒಪ್ಪಿಕೊಳ್ಳಬೇಕಿತ್ತು. ಕ್ಷಮೆ ಕೇಳಿದ ಆ ಹೆಂಗಸಿನ ಮುಖ ನೆನಪಾಯಿತು. ಊರಿಗೆ ಸುದ್ದಿ ಹೋಗುತ್ತದೆ ಎನ್ನಿಸಿತು.

“ಹೇಳೋದೇನಿಲ್ರಿ” ಎಂದೆ.

ಮಾರ್ಗವ್ವ ತಲೆ ಆಡಿಸಿದಳು. ನಮ್ಮ ಕಡೆಯವರ ಹಾಗೆಯೇ, ಬೇಸರದಲ್ಲಿ, ಒಂದೇ ಸಲ. ಆ ಮೇಲೆ ಉಳಿದ ದಿನಗಳಲ್ಲಿ ಆಕೆ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದಳು. ಮಕ್ಕಳೊಡನೆ ಕನ್ನಡ, ನನ್ನೊಡನೆ ಇಂಗ್ಲಿಷು.

ಕೊನೆಯ ದಿನ

ಕೊನೆಯ ದಿನ ಪ್ರತಿ ತಂಡವೂ ತೀರ್ಪುಗಾರರ ಮುಂದೆ ನಿಂತು ಒಂದು ಹೊಲದ ಸಮಸ್ಯೆಗೆ ಉಪಾಯ ಹೇಳಬೇಕು. ಇಳಿಜಾರಿನ ಹೊಲ, ಮಳೆಗೆ ಮಣ್ಣು ಹಳ್ಳಕ್ಕೆ ಹೋಗುತ್ತದೆ, ಏನು ಮಾಡುತ್ತೀರಿ? ನಮ್ಮ ತಂಡದಲ್ಲಿ ಒಡ್ಡಿನ ಭಾಗ ಶರಣಮ್ಮನದು. ಅವಳು ಕನ್ನಡದಲ್ಲಿ ಹೇಳುವುದು, ಮಾರ್ಗವ್ವ ಇಂಗ್ಲಿಷಿಗೆ ತರುವುದು ಎಂದಿತ್ತು. ಸರದಿ ಬಂದಾಗ ಎದ್ದು ನಿಂತಳು. ತುಟಿ ಬಿಚ್ಚಲಿಲ್ಲ. ಮಾರ್ಗವ್ವ “ಹೇಳವ್ವ, ನಿಮ್ಮ ಹೊಲದಾಗ ಹೆಂಗ ಮಾಡ್ತೀರಿ ಹೇಳು” ಎಂದು ಹುರಿದುಂಬಿಸಿದಳು. ಶರಣಮ್ಮ “ರಾಜಶೇಖರ ಹೇಳ್ತಾನ್ರಿ” ಎಂದು ಕುಳಿತಳು. ಅವನು ಪುಸ್ತಕದಲ್ಲಿದ್ದುದನ್ನು ಹೇಳಿದ.

ನಸೀಮಾಳ ದೆಸೆಯಿಂದ ಕಾಡುಪ್ರಾಣಿಯ ವಿಭಾಗದಲ್ಲಿ ನಮಗೆ ಮೂರನೆಯ ಸ್ಥಾನ ಬಂತು. ಫೋಟೋದಲ್ಲಿ ಅವಳು ಪ್ರಶಸ್ತಿ ಪತ್ರವನ್ನು ತಲೆಕೆಳಗಾಗಿ ಹಿಡಿದು ನಗುತ್ತಿದ್ದಾಳೆ. ರಾಜಶೇಖರ ಸಪ್ಪಗಿದ್ದಾನೆ. ಶರಣಮ್ಮ ಅಂಚಿನಲ್ಲಿ, ಎರಡೂ ಕೈಗಳನ್ನು ಓಢಣಿಯೊಳಗೆ ಮುಚ್ಚಿಕೊಂಡಿದ್ದಾಳೆ. ಹ್ಯಾರಲ್ಡ್ ಆ ವರ್ಷ ಬೇರೆ ಊರಿನ ಒಬ್ಬ ಹುಡುಗನನ್ನು ಆರಿಸಿದ.

ಅಫಜಲಪುರದಲ್ಲಿ ಸತ್ಕಾರವಾಯಿತು. ಶಾಲು ಹೊದಿಸಿದರು. ಮಣ್ಣಿನ ವಿಭಾಗದಲ್ಲಿ ಏಕೆ ಹಿಂದೆ ಬಿದ್ದಿರಿ ಎಂದು ಯಾರೋ ಕೇಳಿದಾಗ, “ನಮ್ಮ ಮಕ್ಕಳಿಗಿ ಇನ್ನಾ ಧೈರ್ಯ ಸಾಲದು” ಎಂದೆ. ಮರುವರ್ಷ ಆಹ್ವಾನ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಯಾಕೆ ಬರಲಿಲ್ಲವೋ ಎಂದು ಮೂರೂ ತಾಲ್ಲೂಕಿನ ಮಾಸ್ತರರು ನನ್ನನ್ನೇ ಕೇಳುತ್ತಿದ್ದರು.

ನಿಂಬರ್ಗಾ

ಏಳೆಂಟು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆ ಆಳಂದಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ನಿಂಬರ್ಗಾದ ಬಸ್ಸು ನಿಂತಿತ್ತು, ಹತ್ತಿದೆ. ಮನೆಯಲ್ಲಿ ಅವಳಿರಲಿಲ್ಲ. ಹತ್ತನೇ ಇಯತ್ತೆ ಮುಗಿಸಿ ಓದು ಬಿಟ್ಟಿದ್ದಾಳೆ, ಅದೇ ಊರಲ್ಲಿ ಮದುವೆಯಾಗಿದೆ, ಕೂಲಿಗೆ ಹೋಗುತ್ತಾಳೆ ಎಂದು ಅವಳ ತಾಯಿ ಹೇಳಿದಳು. “ಆದ್ರೂ ಸರ್, ಸುತ್ತ ಹತ್ತು ಹಳ್ಳ್ಯಾಗ ಹೊಲ ಕೊಳ್ಳೋರು ಮೊದಲು ಆಕೀನ ಕರಕೊಂಡು ಹೋಗ್ತಾರ. ಮಣ್ಣು ಹಿಚಕಿ ನೋಡಿ ಹೇಳ್ತಾಳ, ಇದು ಕೊಳ್ರಿ, ಇದು ಬ್ಯಾಡ್ರಿ ಅಂತ. ಚಾ ಕುಡಿಸಿ ಕಳಸ್ತಾರ” ಎಂದು ಹೆಮ್ಮೆಯಿಂದ ಸೇರಿಸಿದಳು.

ತೊಗರಿ ಹೊಲದಲ್ಲಿ ಕಸ ತೆಗೆಯುವ ಹೆಂಗಸರ ಸಾಲಿನಲ್ಲಿ ಶರಣಮ್ಮ ಇದ್ದಳು. ನನ್ನನ್ನು ಕಂಡು ಎದ್ದು ಬಂದಳು. ತಲೆಯ ಮೇಲೆ ಸೆರಗು, ಮೊಣಕೈ ತನಕ ಎರೆ ಮಣ್ಣು. ಬದುವಿನ ಬೇವಿನ ಕೆಳಗೆ ಇಟ್ಟಿದ್ದ ಕೊಡದಿಂದ ನೀರು ಕೊಟ್ಟಳು. ನಸೀಮಾ ಹೆಂಗದಾಳ್ರಿ, ರಾಜಶೇಖರ ಎಲ್ಲಿ ಇದ್ದಾನ್ರಿ ಎಂದು ಕೇಳಿದಳು. ಹೇಳಿದೆ. ಆಮೇಲೆ ಹೇಳಲು ಬಂದದ್ದನ್ನು ಹೇಳಿದೆ.

“ಶರಣಮ್ಮ, ಆವತ್ತು ಗುಂಡ್ಯಾಗ ನೀ ಹೇಳಿದ್ದು ಖರೇ ಇತ್ತು. ನಾ ತಲಿ ಅಲ್ಲಾಡಿಸಿದೆ. ಆಮ್ಯಾಲ ಸುಳ್ಳು ಹೇಳಿದೆ. ನೀನೂ ನನ್ನ ಸಲುವಾಗಿ ಸುಳ್ಳು ಹೇಳೋ ಹಂಗ ಮಾಡಿದೆ.”

“ಹೋಗ್ಲಿ ಬಿಡ್ರಿ ಸರ್. ಅದೆಷ್ಟು ಹಳೇದು.”

“ಹೌದೋ ಅಲ್ಲೋ ಅಂತ ಕೇಳಾಕ ನೀ ನನ್ನ ಕಡಿ ನೋಡಿದಿ. ನಾ ಸುಮ್ಮನರ ಇರಬೇಕಾಗಿತ್ತು.”

ಶರಣಮ್ಮ ಬೆರಳುಗಳಿಗೆ ಅಂಟಿದ ಮಣ್ಣನ್ನು ತಿಕ್ಕಿ ಉದುರಿಸಿದಳು.

“ಕೇಳಾಕ ನೋಡಿದ್ದಿಲ್ರಿ ಸರ್” ಎಂದಳು. “ನನಗ ಖಾತ್ರಿ ಇತ್ತು. ಕೈಗಿ ಹತ್ತಿದ ಕೂಡ್ಲೆ ತಿಳದಿತ್ತು. ಅಷ್ಟು ದೂರ ದೇಶದಾಗೂ ಮಣ್ಣು ನನ್ನ ಜೋಡಿ ಮಾತಾಡ್ತಲ್ಲ ಅಂತ ಭಾಳ ಖುಷಿ ಆಗಿತ್ತು. ನಿಮಗ ತೋರಸಬೇಕಂತ ನೋಡಿದೆ.”

ಆ ಕಡೆಯಿಂದ ಹೆಂಗಸರು ಅವಳನ್ನು ಕೂಗಿದರು. “ಬರ್ತೇನಿ ಸರ್, ಸಾಲು ಹಿಂದ ಉಳೀತದ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ನಾನು ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ, ಕೈ ಕೆಲಸದಲ್ಲಿತ್ತು.

ಬಸ್ಸು ಆಳಂದ ಮುಟ್ಟಿದಾಗ ನೆನಪಾಯಿತು. ಅಷ್ಟೆಲ್ಲ ಮಾತಾಡಿದೆನಲ್ಲ, ತಪ್ಪಾಯಿತು, ಕ್ಷಮಿಸು ಎಂಬ ಮಾತನ್ನು ನಾನು ಆಡಿಯೇ ಇರಲಿಲ್ಲ.